ಆಪ್ತಸಲಹೆ ಪ್ರಕರಣ: ಸಾಕೆಟ್‌ನ ಆಚೆ ತುದಿಯಲ್ಲಿ ಯಾರಿದ್ದಾರೆ?

ಸಿಸ್ಟಮ್ ಪ್ರೋಗ್ರಾಮಿಂಗ್ ಮಾಡುವವರು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಾಗ ನನ್ನ ಹತ್ತಿರ ಬರುತ್ತಾರೆ. ಸ್ವಲ್ಪ ಕೋಡ್ ಬಗ್ಗೆ ಮಾತಾಡುತ್ತೇವೆ, ಸ್ವಲ್ಪ ಮನಸ್ಸಿನ ಬಗ್ಗೆ. ಈ ಪ್ರಕರಣದಲ್ಲಿ ಎರಡನ್ನೂ ಬಿಡಿಸಿ ನೋಡುವುದೇ ಮುಖ್ಯ ಕೆಲಸವಾಗಿತ್ತು. ಬಂದವರನ್ನು ‘ಮ’ ಎಂದು ಕರೆಯುತ್ತೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮ ಬರೆದಿದ್ದು ಲಿನಕ್ಸ್‌ನಲ್ಲಿ ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದಲ್ಲಿ, ಓಡುವ ಒಂದು ಚಿಕ್ಕ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ). ಯುನಿಕ್ಸ್ ಸಾಕೆಟ್ (ಒಂದೇ ಯಂತ್ರದ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಕೊಂಡಿ) ಮೇಲೆ ಕೋರಿಕೆ ಬಂದರೆ ಬ್ಯಾಕಪ್ ಫೈಲ್‌ಗಳ ಕೀಲಿ ಕೊಡುವುದು ಅದರ ಕೆಲಸ. ಕೀಲಿ ಹೋಗಬೇಕಾಗಿದ್ದು ತಂಡದ್ದೇ ಬ್ಯಾಕಪ್ ಪ್ರೋಗ್ರಾಂಗೆ ಮಾತ್ರ. ಹಾಗಾಗಿ ಪ್ರತಿ ಕೋರಿಕೆ ಬಂದಾಗಲೂ ಡೀಮನ್ ಎಸ್‌ಒ_ಪೀರ್‌ಕ್ರೆಡ್ ಎಂಬ ಸಾಕೆಟ್ ಆಪ್ಷನ್ ಬಳಸಿ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನೇ ಕೇಳುತ್ತಿತ್ತು: ಆಚೆ ಯಾರು? ಕರ್ನಲ್ ಮೂರು ಸಂಖ್ಯೆ ಕೊಡುತ್ತದೆ: ಪಿಐಡಿ (ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ ಸಂಖ್ಯೆ), ಯುಐಡಿ (ಬಳಕೆದಾರರ ಸಂಖ್ಯೆ), ಜಿಐಡಿ (ಗುಂಪಿನ ಸಂಖ್ಯೆ). ಆ ಪಿಐಡಿ ಹಿಡಿದು, ಓಡುತ್ತಿರುವ ಪ್ರೋಸೆಸ್‌ಗಳ ವಿವರ ಸಿಗುವ ಪ್ರಾಕ್ ಫೈಲ್‌ಸಿಸ್ಟಮ್‌ಗೆ ಹೋಗಿ, ಆ ಪ್ರೋಸೆಸ್ ಯಾವ ಪ್ರೋಗ್ರಾಂ ಓಡಿಸುತ್ತಿದೆ ಎಂದು ನೋಡುವುದು. ಅಲ್ಲಿ ಕಾಣುವ ಫೈಲ್‌ನ ದಾರಿ ಬ್ಯಾಕಪ್ ಪ್ರೋಗ್ರಾಂನದ್ದೇ ಆಗಿದ್ದರೆ ಕೀಲಿ ಕೊಡುವುದು.

ತಂಡದ ಹಿರಿಯರು ಕೋಡ್ ನೋಡಿ ಒಂದೇ ಸಾಲು ಬರೆದರು: “ಇದು ಭದ್ರ ಅಲ್ಲ, ಪಿಐಡಿ ನಂಬಬೇಡಿ.” ಅಷ್ಟೇ. ಕಾರಣ ಇಲ್ಲ, ದಾರಿಯೂ ಇಲ್ಲ.

ಮ ಅದಕ್ಕೆ ಉತ್ತರ ಬರೆಯಲೇ ಇಲ್ಲ. ಕೋಡ್ ಹಾಗೇ ನಿಂತಿತು. ಮೀಟಿಂಗ್‌ನಲ್ಲಿ ಮಾತು ಕಡಿಮೆಯಾಯಿತು, ನಿದ್ದೆ ಕೆಟ್ಟಿತು. “ಕರ್ನಲ್ ಹೇಳಿದ್ದನ್ನೇ ನಂಬಬಾರದು ಅಂದರೆ ಇನ್ನೇನು ನಂಬಬೇಕು? ಅವರಿಗೆ ನನ್ನ ಮೇಲೇ ನಂಬಿಕೆ ಇಲ್ಲ” ಎಂದರು. ಈ ಮಾತಿನಲ್ಲಿ ಒಂದು ನಿಜವಾದ ತಾಂತ್ರಿಕ ಪ್ರಶ್ನೆ ಇದೆ, ಒಂದು ನೋವೂ ಇದೆ. ಪ್ರಶ್ನೆಗೆ ಉತ್ತರ ಸಿಗುವ ತನಕ ನೋವಿನ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ ಅನ್ನಿಸಿತು. ಎಂಜಿನಿಯರ್‌ಗಳ ವಿಷಯದಲ್ಲಿ ಇದು ಜಾಸ್ತಿ ಸಲ ನಿಜ: ಅರ್ಥವಾಗದ ಟೀಕೆಯೇ ಹೆಚ್ಚು ಚುಚ್ಚುತ್ತದೆ.

ಮೊದಲು ಒಂದು ವಿಷಯ ಒಪ್ಪಿಕೊಂಡೆ. ಕರ್ನಲ್ ಇಲ್ಲಿ ಸುಳ್ಳು ಹೇಳುವುದಿಲ್ಲ. ಆಚೆಯವರು ತಾವೇ ಕಳಿಸಿದ ಹೆಸರಲ್ಲ ಅದು, ಕರ್ನಲ್ ತಾನೇ ಬರೆದಿಟ್ಟುಕೊಂಡಿದ್ದು. ಅಷ್ಟರ ಮಟ್ಟಿಗೆ ಮ ಹೇಳಿದ್ದು ಸರಿ. ಆದರೆ ಯಾವಾಗ ಬರೆದಿಟ್ಟುಕೊಂಡಿದ್ದು? ಆಚೆಯವರು ಕನೆಕ್ಟ್ ಕರೆದ, ಅಂದರೆ ಸಂಪರ್ಕ ಶುರುಮಾಡಿದ, ಕ್ಷಣದಲ್ಲಿ. ಗೇಟಿನಲ್ಲಿ ತೆಗೆದ ಫೋಟೋ ಇದ್ದ ಹಾಗೆ ಅದು. ಒಳಗೆ ಬಂದ ಮೇಲೆ ಅವರು ಏನಾದರು ಎನ್ನುವುದು ಫೋಟೋದಲ್ಲಿ ಇರುವುದಿಲ್ಲ. ಮ ಮಾತ್ರ ಆ ಹಳೆಯ ಪಿಐಡಿ ಹಿಡಿದು ಪ್ರಾಕ್‌ನಲ್ಲಿ ‘ಈಗ’ ಏನಿದೆ ಎಂದು ನೋಡುತ್ತಿದ್ದರು. ಎರಡು ಬೇರೆ ಬೇರೆ ಹೊತ್ತಿನ ಉತ್ತರಗಳನ್ನು ಸೇರಿಸಿ ಒಂದು ತೀರ್ಪು ಮಾಡುತ್ತಿದ್ದರು.

“ಪಿಐಡಿ ಮರುಬಳಕೆ ತಾನೇ? ಗೊತ್ತು. ಅದು ಆಗುವುದು ಅಪರೂಪ” ಎಂದರು ಮ. ಅಂದರೆ ಪ್ರೋಸೆಸ್ ಸತ್ತ ಮೇಲೂ ಎಸ್‌ಒ_ಪೀರ್‌ಕ್ರೆಡ್ ಅದೇ ಸಂಖ್ಯೆ ಕೊಡುತ್ತದೆ, ಆ ಸಂಖ್ಯೆ ಅಷ್ಟರಲ್ಲಿ ಬೇರೆ ಪ್ರೋಸೆಸ್‌ಗೆ ಹೋಗಿರಬಹುದು. ಪಿಐಡಿ ಸಂಖ್ಯೆಗಳ ಮಿತಿ ಹಳೆಯ 32768 ಆಗಿದ್ದರೆ ಸುತ್ತು ಬೇಗ ಮುಗಿಯುತ್ತದೆ. 64 ಬಿಟ್ ಯಂತ್ರದಲ್ಲಿ ಅದನ್ನು 4194304 ತನಕ ಏರಿಸಬಹುದು, ಆಗ ಕಷ್ಟ ಹೆಚ್ಚುತ್ತದೆ, ಅಸಾಧ್ಯ ಆಗುವುದಿಲ್ಲ. ಅಪರೂಪ ಅನ್ನುವುದು ಆಕಸ್ಮಿಕಕ್ಕೆ ಸರಿ. ಬೇಕಂತಲೇ ಪ್ರಯತ್ನಿಸುವವರಿಗೆ ಸಮಯ ಇದೆ, ಲೂಪ್ ಇದೆ.

ಆದರೆ ಇವರ ಡೀಮನ್ ಮುರಿಯಲು ಅಷ್ಟು ಕಾಯುವುದೂ ಬೇಡ. ಹಾಳೆಯ ಮೇಲೆ ಬರೆದು ತೋರಿಸಿದೆ. ಯಾರೋ ಒಬ್ಬ ಸಾಮಾನ್ಯ ಬಳಕೆದಾರ ತನ್ನ ಪ್ರೋಗ್ರಾಂನಿಂದ ಸಾಕೆಟ್‌ಗೆ ಕನೆಕ್ಟ್ ಆಗುತ್ತಾನೆ. ಆಮೇಲೆ ಫೋರ್ಕ್, ಅಂದರೆ ಆ ಪ್ರೋಸೆಸ್ ತನ್ನದೇ ನಕಲೊಂದನ್ನು ಹುಟ್ಟಿಸುತ್ತದೆ. ಈಗ ಅಪ್ಪ (ಮೂಲ), ಮಗು (ನಕಲು) ಇಬ್ಬರ ಕೈಯಲ್ಲೂ ಅದೇ ತೆರೆದ ಸಾಕೆಟ್. ಅಪ್ಪ ಎಕ್ಸೆಕ್ ಮಾಡಿ, ಅಂದರೆ ತನ್ನ ಜಾಗದಲ್ಲೇ, ಬ್ಯಾಕಪ್ ಪ್ರೋಗ್ರಾಂ ಓಡಿಸುತ್ತಾನೆ. ಪಿಐಡಿ ಬದಲಾಗಿಲ್ಲ, ಒಳಗಿನ ಪ್ರೋಗ್ರಾಂ ಬದಲಾಗಿದೆ. ಸ್ವಲ್ಪ ತಡೆದು ಮಗು ಸಾಕೆಟ್ ಮೇಲೆ “ಕೀಲಿ ಕೊಡು” ಅನ್ನುತ್ತದೆ. ಡೀಮನ್ ಕೇಳುತ್ತದೆ, ಕರ್ನಲ್ ಅಪ್ಪನ ಪಿಐಡಿ ಕೊಡುತ್ತದೆ. ಪ್ರಾಕ್‌ನಲ್ಲಿ ನೋಡಿದರೆ ಅಚ್ಚುಕಟ್ಟಾಗಿ ಬ್ಯಾಕಪ್ ಪ್ರೋಗ್ರಾಂ ಕಾಣುತ್ತದೆ. ಕೀಲಿ ಮಗುವಿನ ಕೈಗೆ ಹೋಗುತ್ತದೆ. ಇಲ್ಲಿ ಸರಿಯಾದ ಕ್ಷಣ ಹಿಡಿಯುವ ಪೈಪೋಟಿಯೂ ಇಲ್ಲ, ಅದೃಷ್ಟವೂ ಬೇಕಿಲ್ಲ.

ಮ ತುಂಬಾ ಹೊತ್ತು ಆ ಹಾಳೆ ನೋಡಿದರು. ನಂತರ ಕೇಳಿದ ಪ್ರಶ್ನೆ ಚೆನ್ನಾಗಿತ್ತು: “ಹಾಗಾದರೆ ಪಿಐಡಿಎಫ್‌ಡಿ ಬಳಸಿದರೆ?” ಲಿನಕ್ಸ್ 6.5ರಲ್ಲಿ, 2023ರಲ್ಲಿ, ಎಸ್‌ಒ_ಪೀರ್‌ಪಿಐಡಿಎಫ್‌ಡಿ ಬಂತು. ಸಂಖ್ಯೆಯ ಬದಲು ಆ ಪ್ರೋಸೆಸ್‌ಗೇ ಅಂಟಿಕೊಂಡ ಹಿಡಿಕೆ ಸಿಗುತ್ತದೆ, ಸಂಖ್ಯೆ ಮರುಬಳಕೆಯಾದರೂ ಅದು ಬೇರೆಯವರ ಕಡೆ ತಿರುಗುವುದಿಲ್ಲ. ಮರುಬಳಕೆಯ ತೊಂದರೆಗೆ ಇದು ನಿಜವಾದ ಪರಿಹಾರ. ಆದರೆ ಎಕ್ಸೆಕ್ ಆದರೂ ಪ್ರೋಸೆಸ್ ಅದೇ ಅಲ್ವಾ? ಮೇಲಿನ ದಾಳಿ ಹಾಗೇ ಉಳಿಯುತ್ತದೆ.

ತೊಂದರೆ ಆಪ್ಷನ್‌ನಲ್ಲಿ ಇರಲಿಲ್ಲ, ಪ್ರಶ್ನೆಯಲ್ಲಿತ್ತು. ‘ಯಾವ ಪ್ರೋಗ್ರಾಂ?’ ಎಂಬ ಪ್ರಶ್ನೆಗೆ ಒಂದೇ ಯುಐಡಿಯ ಒಳಗೆ ಬೆಲೆ ತುಂಬಾ ಕಡಿಮೆ. ತನ್ನದೇ ಯುಐಡಿಯಲ್ಲಿ ಓಡುವ ಬ್ಯಾಕಪ್ ಪ್ರೋಗ್ರಾಂ ಒಳಗೆ ಆ ಬಳಕೆದಾರ ಸಾಮಾನ್ಯವಾಗಿ ಎಲ್‌ಡಿ_ಪ್ರಿಲೋಡ್ (ಪ್ರೋಗ್ರಾಂ ಶುರುವಾಗುವಾಗ ಬೇರೆ ಲೈಬ್ರರಿ ಸೇರಿಸುವ ಸೆಟ್ಟಿಂಗ್) ಮೂಲಕ ತನ್ನ ಕೋಡ್ ತುರುಕಬಹುದು. ಕರ್ನಲ್ ಗಟ್ಟಿಯಾಗಿ ಕಾಯುವ ಗಡಿ ಯುಐಡಿಯದ್ದು. ಯುನಿಕ್ಸ್ ವಂಶದ ಇನ್ನೊಂದು ವ್ಯವಸ್ಥೆಯಾದ ಬಿಎಸ್‌ಡಿ ಕಡೆಯ ಗೆಟ್‌ಪೀರ್‌ಇಐಡಿ ಕರೆ ಯುಐಡಿ, ಜಿಐಡಿ ಎರಡನ್ನೇ ಕೊಡುತ್ತದೆ, ಪಿಐಡಿ ಕೊಡುವುದೇ ಇಲ್ಲ. ಅದು ನನಗೆ ತುಂಬಾ ಇಷ್ಟವಾದ ವಿನ್ಯಾಸ, ತಪ್ಪು ಪ್ರಶ್ನೆ ಕೇಳಲು ಅವಕಾಶವೇ ಕೊಡುವುದಿಲ್ಲ.

ಕೊಟ್ಟ ತಾಂತ್ರಿಕ ಸಲಹೆ ಇದು. ಬ್ಯಾಕಪ್ ಪ್ರೋಗ್ರಾಂಗೆ ಅಂತಲೇ ಬೇರೆ ಯುಐಡಿ ಮಾಡಿ, ಅದನ್ನು ಬೇರಾರಿಗೂ ಕೊಡಬೇಡಿ. ಡೀಮನ್ ಎಸ್‌ಒ_ಪೀರ್‌ಕ್ರೆಡ್‌ನ ಯುಐಡಿ ಮಾತ್ರ ಹೋಲಿಸಲಿ. ಪಿಐಡಿ ಬೇಕಾದರೆ ಲಾಗ್‌ಗೆ ಇರಲಿ, ತೀರ್ಪಿಗೆ ಬೇಡ. ಸಾಕೆಟ್ ಫೈಲ್‌ಗೆ 0660 ಅನುಮತಿ (ಮಾಲೀಕರು, ಗುಂಪಿನವರು ಮಾತ್ರ ಓದಿ ಬರೆಯಬಹುದು) ಇಟ್ಟು ಗುಂಪು ಕೊಡಿ, ಲಿನಕ್ಸ್‌ನಲ್ಲಿ ಬರೆಯುವ ಅನುಮತಿ ಇಲ್ಲದವರು ಕನೆಕ್ಟ್ ಆಗಲಾರರು. ಮುಂದೆ ಗುಂಪು ನೋಡಿಯೇ ನಿರ್ಧರಿಸಬೇಕು ಅನ್ನಿಸಿದರೆ ಪೀರ್‌ಕ್ರೆಡ್‌ನ ಜಿಐಡಿ ಸಾಲದು, ಅದು ಒಂದೇ ಗುಂಪು ಹೇಳುತ್ತದೆ. ಉಳಿದ ಗುಂಪುಗಳಿಗೆ 2017ರ ಲಿನಕ್ಸ್ 4.13ರಿಂದ ಇರುವ ಎಸ್‌ಒ_ಪೀರ್‌ಗ್ರೂಪ್ಸ್ ಬಳಸಿ. ಯುಐಡಿಯೂ ಕನೆಕ್ಟ್ ಹೊತ್ತಿನದ್ದೇ, ಆದರೆ ಆ ಯುಐಡಿಯವರೇ ತೆರೆದ ಸಾಕೆಟ್ ಅದು, ಇನ್ನೊಬ್ಬರಿಗೆ ದಾಟಿಸಿದರೆ ಜವಾಬ್ದಾರಿ ಅವರದ್ದು.

ಇನ್ನು ಹಿರಿಯರ ವಿಷಯ. ಅವರ ಒಂದು ಸಾಲು ಸರಿಯೇ ಇತ್ತು, ಬರೆದ ರೀತಿ ಸರಿ ಇರಲಿಲ್ಲ. ಕಾರಣ ಹೇಳದೆ ‘ಬೇಡ’ ಅಂದರೆ ಕಿರಿಯರು ಕಾರಣವನ್ನು ತಮ್ಮೊಳಗೇ ಹುಡುಕುತ್ತಾರೆ. ಇದನ್ನು ಮ ಎದುರು ನೇರವಾಗಿಯೇ ಹೇಳಿದೆ. ಜೊತೆಗೆ ಇದನ್ನೂ ಹೇಳಿದೆ: ಇದೇ ಜಾಗದಲ್ಲಿ ಎಡವಿದವರು ನೀವೊಬ್ಬರೇ ಅಲ್ಲ. ಪೋಲ್‌ಕಿಟ್‌ನಂಥ, ಅನುಮತಿ ಕೊಡುವುದೇ ಕೆಲಸವಾದ ತಂತ್ರಾಂಶ ಪಿಐಡಿ ಜೊತೆಗೆ ಪ್ರೋಸೆಸ್ ಶುರುವಾದ ಹೊತ್ತನ್ನೂ ಸೇರಿಸಿ ನೋಡುತ್ತಿತ್ತು. ಫೋರ್ಕ್ ಒಂದೇ ಏಟಿಗೆ ಮುಗಿಯುವ ಕೆಲಸ ಅಲ್ಲ ಎನ್ನುವುದನ್ನು ಹಿಡಿದು ಅದನ್ನೂ ದಾಟಬಹುದು ಎಂದು 2019ರಲ್ಲಿ ಬಯಲಾಯಿತು. ಯುಐಡಿಯನ್ನೂ ಹೋಲಿಸುವುದು ಅಲ್ಲಿನ ಪರಿಹಾರ.

ಮುಂದಿನ ಹೆಜ್ಜೆಯಾಗಿ ಸಣ್ಣ ಕೆಲಸ ಕೊಟ್ಟೆ. ಹಾಳೆಯ ಮೇಲಿನ ದಾಳಿಯನ್ನು ಪರೀಕ್ಷೆಯಾಗಿ ಬರೆಯಿರಿ, ಹಳೆಯ ಕೋಡ್ ಸೋಲುವುದನ್ನು ಕಣ್ಣಾರೆ ನೋಡಿ, ಆಮೇಲೆ ಅದೇ ಸಾಲಿನ ಕೆಳಗೆ ಉತ್ತರ ಬರೆಯಿರಿ. ಕ್ಷಮೆ ಕೇಳುವುದು ಬೇಡ, ವಾದವೂ ಬೇಡ. ದಾಳಿ ಇದು, ಬದಲಾವಣೆ ಇದು, ನನಗೆ ಇನ್ನೂ ಗೊತ್ತಾಗದೆ ಉಳಿದಿದ್ದು ಇದು. ಅಷ್ಟು ಸಾಕು.

ಮ ಹಾಗೇ ಮಾಡಿದರು. ಹಿರಿಯರು ಈ ಸಲ ಉದ್ದ ಉತ್ತರ ಬರೆದರು, ಪರೀಕ್ಷೆಯನ್ನು ಹಾಗೇ ಉಳಿಸಿಕೊಳ್ಳಿ ಎಂದರು. ಕಂಟೇನರ್ (ಪ್ರತ್ಯೇಕಿಸಿಟ್ಟ ಪರಿಸರ) ಒಳಗಿಂದ ಸಂಪರ್ಕ ಬಂದರೆ ಏನು ಎಂದೂ ಕೇಳಿದ್ದರು. ಅದನ್ನು ಹಿಡಿದುಕೊಂಡು ಮ ಮತ್ತೆ ಬಂದರು, ಈ ಸಲ ಕುತೂಹಲದಿಂದ. ಡೀಮನ್ ಇರುವ ಯೂಸರ್ ನೇಮ್‌ಸ್ಪೇಸ್‌ನಲ್ಲಿ (ಯುಐಡಿಗಳ ತನ್ನದೇ ಪಟ್ಟಿ ಇರುವ ಆವರಣ) ಆಚೆಯವರ ಯುಐಡಿಗೆ ಹೊಂದುವ ಸಂಖ್ಯೆ ಇಲ್ಲದಿದ್ದರೆ ಸಾಮಾನ್ಯವಾಗಿ 65534 ಕಾಣುತ್ತದೆ. ಅಪರಿಚಿತರೆಲ್ಲ ಆ ಒಂದೇ ಸಂಖ್ಯೆಯಲ್ಲಿ ಬರುವುದರಿಂದ, ಅದನ್ನು ಯಾವ ಅನುಮತಿ ಪಟ್ಟಿಗೂ ಸೇರಿಸಬೇಡಿ ಎಂದೆ.