ಷಡ್ಡಕ ತಂದ ಸಾಲ, ನಾನ್ಯಾಕೆ ಕಟ್ಟಬೇಕು?

ಪ್ರಶ್ನೆ: ನಾನು, ನನ್ನ ಷಡ್ಡಕ ಸೇರಿ ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಖರೀದಿಸಿ ಚೆನ್ನೈಗೆ ಕಳಿಸುತ್ತೇವೆ. ಬಂಡವಾಳ ನನ್ನದು 4 ಲಕ್ಷ, ಅವರದು 1 ಲಕ್ಷ. ಎಲ್ಲಾ ಬಾಯಿಮಾತು, ಪತ್ರ ಏನೂ ಮಾಡಿಲ್ಲ. ನನಗೆ ಹೇಳದೆ ಅವರು 1.80 ಲಕ್ಷದ ಕ್ರೇಟ್ ಸಾಲಕ್ಕೆ ತಂದಿದ್ದಾರೆ. ಅಂಗಡಿಯವರು ನನ್ನನ್ನು ಕೇಳುತ್ತಿದ್ದಾರೆ. ಕೊಡಬೇಕಾ? ಚೆನ್ನೈ ವ್ಯಾಪಾರಿ 3 ಲಕ್ಷ ಬಾಕಿ ಉಳಿಸಿಕೊಂಡಿದ್ದಾರೆ, ಕೇಸ್ ಹಾಕಬಹುದಾ?
– ಹೆಸರು ಬೇಡ, ಕೋಲಾರ

ಉತ್ತರ: ಕೊಡಬೇಕು ಸ್ವಾಮಿ. ಪತ್ರ ಇಲ್ಲದಿದ್ದರೂ ನೀವಿಬ್ಬರೂ ಪಾಲುದಾರರೇ. ಲಾಭ ಹಂಚಿಕೊಳ್ಳೋಣ ಅಂತ ಒಪ್ಪಿ, ಒಬ್ಬರ ಪರವಾಗಿ ಇನ್ನೊಬ್ಬರು ವ್ಯಾಪಾರ ನಡೆಸಿದರೆ 1932ರ ಪಾಲುದಾರಿಕೆ ಕಾಯ್ದೆಗೆ ಅಷ್ಟು ಸಾಕು. ನಿಮಗೆ ಹೇಳದೆ ತಂದಿರಬಹುದು, ಆದರೆ ಕ್ರೇಟ್ ಇಲ್ಲದೆ ಟೊಮೆಟೊ ವ್ಯಾಪಾರವೇ ಇಲ್ಲ ಅಲ್ವಾ? ದಿನನಿತ್ಯದ ವ್ಯಾಪಾರಕ್ಕೆ ಬೇಕಾದ್ದನ್ನು ಒಬ್ಬರು ತಂದರೆ ಇಬ್ಬರೂ ತಂದ ಹಾಗೆ. ಅದೇ ಅವರು ಫರ್ಮಿನ, ಅಂದರೆ ನಿಮ್ಮಿಬ್ಬರ ಪಾಲುದಾರಿಕೆಯ, ಹೆಸರಲ್ಲಿ ಸೈಟ್ ಕೊಂಡಿದ್ದರೆ ಮಾತೇ ಬೇರೆ, ಅದಕ್ಕೆ ನಿಮ್ಮ ಒಪ್ಪಿಗೆ ಬೇಕಿತ್ತು. ಅಂಗಡಿಯವರು ಪೂರ್ತಿ ಹಣವನ್ನು ನಿಮ್ಮೊಬ್ಬರಿಂದಲೇ ಕೇಳಬಹುದು. ವ್ಯಾಪಾರದ ದುಡ್ಡು ಸಾಲದಿದ್ದರೆ ನಿಮ್ಮ ಸ್ವಂತ ಆಸ್ತಿಗೂ ಕೈ ಹಾಕಬಹುದು. ಕಟ್ಟಿದರೆ ರಸೀದಿ ತೆಗೆದುಕೊಂಡು ಇಬ್ಬರ ಲೆಕ್ಕಕ್ಕೆ ಬರೆಸಿ.

ನೀವು ಕೇಳದೇ ಇರುವ ಒಂದು ವಿಷಯ ಇದೆ. ನಾಲ್ಕು ಪಾಲು ಬಂಡವಾಳ ನನ್ನದು, ಲಾಭವೂ ಜಾಸ್ತಿ ನನಗೇ ಅಂದುಕೊಂಡಿದ್ದೀರಾ? ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ, ನಷ್ಟ ಎರಡೂ ಸಮಪಾಲು. ದಿನಾ ಮಂಡಿಯಲ್ಲಿ ನಿಲ್ಲುವುದು ಷಡ್ಡಕರೇ ಆದರೂ ಅವರೂ ಸಂಬಳ ಕೇಳುವ ಹಾಗಿಲ್ಲ.

ಚೆನ್ನೈ ಬಾಕಿಗೆ ಈಗಲೇ ಕೇಸ್ ಹಾಕಬೇಡಿ. ಫರ್ಮ್ ನೋಂದಣಿ ಕಡ್ಡಾಯವಲ್ಲ, ನಿಜ. ಆದರೆ ನೋಂದಣಿ ಆಗದ ಫರ್ಮ್ ಇಂಥ ಬಾಕಿಗೆ ದಾವೆ ಹೂಡಿದರೆ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಅಡ್ಡ ಬರುತ್ತದೆ. ಕೇಸ್ ಹಾಕಿ ಆಮೇಲೆ ನೋಂದಣಿ ಮಾಡಿಸಿದರೂ ಆ ಕೇಸ್ ಉಳಿಯುವುದಿಲ್ಲ. ಒಳ್ಳೆಯ ಕೇಸುಗಳು ಇದೊಂದೇ ಕಾರಣಕ್ಕೆ ಬಿದ್ದುಹೋಗುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ. ಮೊದಲು ಛಾಪಾ ಕಾಗದದ ಮೇಲೆ ಪಾಲುಪತ್ರ ಮಾಡಿಸಿ. ಯಾರ ಪಾಲು ಎಷ್ಟು, ಎಷ್ಟು ಮೊತ್ತದ ಮೇಲೆ ಸಾಲ ತರಲು ಇಬ್ಬರ ಸಹಿ ಬೇಕು, ಎಲ್ಲಾ ಬರೆಸಿ. ಆಮೇಲೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ. ಅರ್ಜಿಗೆ ಷಡ್ಡಕರ ಸಹಿಯೂ ಬೇಕು. ಹಾಗಾಗಿ ಕ್ರೇಟಿನ ವಿಷಯಕ್ಕೆ ಈಗ ಮಾತು ಬಿಡಬೇಡಿ, ದಯವಿಟ್ಟು. ಅಲ್ಲಿಯವರೆಗೆ ಚೆನ್ನೈಗೆ ಕಳಿಸಿದ ಬಿಲ್, ಲಾರಿ ಚೀಟಿ, ವಾಟ್ಸಾಪ್ ಮೆಸೇಜ್ ಎಲ್ಲಾ ಜೋಪಾನ ಮಾಡಿ. ವಸೂಲಿ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು, ಹಳೆಯ ಬಿಲ್ಲಿನ ತಾರೀಕು ಇವತ್ತೇ ನೋಡಿ.