ಟಿಲ್ಲರ್ ಹಿಡಿಯುವ ಮೊದಲು ಲುಂಗಿ ಬಿಟ್ಟು ಪ್ಯಾಂಟ್ ಹಾಕಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮಿನಿ ಟಿಲ್ಲರಿನದ್ದೇ, ಅಂದ್ರೆ ಹ್ಯಾಂಡಲ್ ಹಿಡ್ಕೊಂಡು ಮಣ್ಣು ಉಳುವ ಚಿಕ್ಕ ಮೆಷಿನಿನದ್ದು. ಆಶ್ಚರ್ಯ ಎಂತದ್ದೂ ಇಲ್ಲ, ಮಳೆ ಬಿಟ್ಟಿದೆ, ಏಣೆಲು (ಮಳೆಗಾಲದ ಭತ್ತ) ಕೊಯ್ದು ಆಗಿದೆ, ಅಲಸಂಡೆಗೆ ಹರಿವೆಗೆ ಗುಳ್ಳ ಬದನೆಗೆ ಮಣ್ಣು ಹದ ಆಗ್ಬೇಕು, ಕೆಲಸಕ್ಕೆ ಜನ ಕೇಳ್ಲಿಕ್ಕೆ ಫೋನ್ ಮಾಡಿದ್ರೆ ಅವರು ಫೋನೇ ತೆಗಿಯುದಿಲ್ಲ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು ಇವತ್ತು ಪೂರ್ತಿ ಟಿಲ್ಲರಿಗೇ ಕೊಡ್ತೇನೆ.

ಪ್ರಶ್ನೆ: ಮೇಳದಲ್ಲಿ ನೋಡಿ 7 ಹೆಚ್‌ಪಿಯ ಪೆಟ್ರೋಲ್ ಟಿಲ್ಲರ್ ತಕೊಂಡೆ. ಪೆಟ್ಟಿಗೆ ಸಮೇತ ಮನೆಗೆ ತಂದು ಇಳಿಸಿದ್ರು, ಜೋಡಿಸ್ಲಿಕ್ಕೆ ಹುಡುಗ ನಾಳೆ ಬರ್ತಾನೆ ಅಂತ ಹೇಳಿ ಹದಿನೈದು ದಿನ ಆಯ್ತು. ಪುಸ್ತಕ ಇಂಗ್ಲಿಷಲ್ಲಿ ಉಂಟು, ಚಿತ್ರ ನೋಡಿ ಅರ್ಥ ಆಗ್ತದೆ ಅಷ್ಟೆ. ನಾನೇ ಜೋಡಿಸ್ಬಹುದಾ? (ಕಟಪಾಡಿಯ ಓದುಗರು)

ಉತ್ತರ: ಧಾರಾಳ ಜೋಡಿಸ್ಬಹುದು. ನಾನು ಹೇಳುದಾದ್ರೆ ಹುಡುಗ ಬರದೇ ಇದ್ದದ್ದೇ ಒಳ್ಳೇದಾಯ್ತು. ಅವನು ಬಂದ್ರೆ ಇಪ್ಪತ್ತು ನಿಮಿಷದಲ್ಲಿ ಜೋಡಿಸಿ, ಅಂಗಳದಲ್ಲಿ ಒಂದು ಸಲ ಬುರ್ ಅಂತ ಸ್ಟಾರ್ಟ್ ಮಾಡಿ ತೋರ್ಸಿ, ಚಾ ಕುಡಿದು ಹೋಗ್ತಾನೆ. ನಿಮಗೆ ಯಾವ ಬೋಲ್ಟ್ ಎಲ್ಲಿ ಉಂಟು ಅಂತ ಗೊತ್ತಿರುದಿಲ್ಲ. ನೀವೇ ಜೋಡಿಸಿದ್ರೆ ನಾಳೆ ಗದ್ದೆ ಮಧ್ಯದಲ್ಲಿ ಎಂತದಾದ್ರೂ ಸಡಿಲ ಆದಾಗ ಶಬ್ದದಲ್ಲೇ ಗೊತ್ತಾಗ್ತದೆ.

ಜಗಲಿಯಲ್ಲಿ ಹಳೇ ಗೋಣಿ ಹಾಸಿ ಅದರ ಮೇಲೆ ಎಲ್ಲಾ ಸಾಮಾನು ಹರಡಿ, ಪಟ್ಟಿ ಜೊತೆ ತಾಳೆ ನೋಡಿ. ಇಂಜಿನ್ ಮತ್ತು ಗೇರ್‌ಬಾಕ್ಸ್ ಒಟ್ಟಿಗೇ ಬರ್ತದೆ, ಅದು ಭಾರ, ಎತ್ತುವಾಗ ಇಬ್ಬರು ಬೇಕು. ಮೊದಲು ಹ್ಯಾಂಡಲ್ ಕೂರ್ಸಿ, ಎತ್ತರ ನಿಮ್ಮ ಸೊಂಟದ ಹತ್ರ ಬರ್ಬೇಕು. ಜಾಸ್ತಿ ಕೆಳಗಾದ್ರೆ ಸಂಜೆಗೆ ಬೆನ್ನು ಹಿಡಿತದೆ, ಜಾಸ್ತಿ ಮೇಲಾದ್ರೆ ಒತ್ಲಿಕ್ಕೆ ಬಲ ಸಿಗುದಿಲ್ಲ. ಮತ್ತೆ ಕೇಬಲ್‌ಗಳು. ಎಕ್ಸಿಲೇಟರ್ ಕೇಬಲ್ ಹಾಕಿದ ಮೇಲೆ ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ತಿರುಗ್ಸಿ ನೋಡಿ, ಕೇಬಲ್ ಎಲ್ಲಿಯೂ ಬಿಗಿ ಆಗ್ಬಾರ್ದು, ಸೈಲೆನ್ಸರಿಗೆ ತಾಗ್ಬಾರ್ದು.

ಬ್ಲೇಡಿನಲ್ಲೇ ಹೆಚ್ಚಿನವರು ಎಡವುದು. ಎರಡು ಸೆಟ್ ನೋಡ್ಲಿಕ್ಕೆ ಅವಳಿ ಮಕ್ಕಳ ಹಾಗೆ ಇರ್ತದೆ, ಆದ್ರೆ ಎಡದ್ದೇ ಬೇರೆ ಬಲದ್ದೇ ಬೇರೆ. ಗುರ್ತು ಅಳಿಸಿ ಹೋಗಿದ್ರೆ ಹೀಗೆ ನೋಡಿ: ಮೆಷಿನ್ ಮುಂದೆ ಹೋಗುವಾಗ ಬ್ಲೇಡ್ ಸೈಕಲ್ ಚಕ್ರದ ಹಾಗೆ ತಿರುಗ್ತದೆ ಅಲ್ವಾ, ಅಂದ್ರೆ ಮುಂದಿನ ಬದಿಯ ಬ್ಲೇಡ್ ಮೇಲಿಂದ ಕೆಳಗೆ ಬರ್ತದೆ. ಹಾಗಾಗಿ ಮುಂದಿನ ಬದಿಯಲ್ಲಿರುವ ಬ್ಲೇಡಿನ ಹರಿತ ನೆಲಕ್ಕೆ ಮುಖ ಮಾಡಿರ್ಬೇಕು. ಅಲ್ಲಿ ದಪ್ಪ ಬೆನ್ನು ಕೆಳಗೆ ಕಂಡ್ರೆ ಎಡ ಬಲ ಅದಲು ಬದಲು ಆಗಿದೆ ಅಂತ ಲೆಕ್ಕ. ಶಾಫ್ಟಿಗೆ ಸೆಟ್ ತೂರಿಸಿ ಪಿನ್ ಹಾಕಿ ಕ್ಲಿಪ್ ಹಾಕಿ. ಪಿನ್ ಕಳ್ಕೊಂಡ್ರೆ ಮೊಳೆ ಬಗ್ಗಿಸಿ ಹಾಕುವ ಅಭ್ಯಾಸ ನಮ್ಮ ಊರಲ್ಲಿ ಉಂಟು, ದಯವಿಟ್ಟು ಬೇಡ ಮಾರಾಯ್ರೆ, ಮೊಳೆ ತುಂಡಾದ್ರೆ ಅಷ್ಟು ಭಾರದ ಬ್ಲೇಡ್ ಸೆಟ್ ತಿರುಗುತ್ತಾ ಇರುವಾಗಲೇ ಕಳಚಿ ಬರ್ತದೆ. ಮೇಲಿನ ಮಡ್‌ಗಾರ್ಡ್ ತಗಡನ್ನೂ ಬಿಡ್ಬೇಡಿ. ಅದು ಚಂದಕ್ಕೆ ಇರುದಲ್ಲ, ಕಲ್ಲು ನಿಮ್ಮ ಮೊಣಕಾಲಿಗೆ ಬಾರದ ಹಾಗೆ ತಡಿಲಿಕ್ಕೆ.

ಈಗ ಎಣ್ಣೆ. ಹೊಸ ಮೆಷಿನ್ ಹೆಚ್ಚಾಗಿ ಒಣಗಿದ ಹೊಟ್ಟೆಯಲ್ಲೇ ಬರುದು. ಇಂಜಿನ್ ಆಯಿಲ್ ಇಲ್ಲದೆ ಹಗ್ಗ ಎಳೆದು ಸ್ಟಾರ್ಟ್ ಮಾಡಿದ್ರೆ ಕೆಲವೇ ನಿಮಿಷದಲ್ಲಿ ಇಂಜಿನ್ ಹಿಡ್ಕೊಳ್ತದೆ, ದುಡ್ಡೆಲ್ಲ ನೀರಿಗೆ. ಮೂರು ಕಡೆ ನೋಡ್ಬೇಕು. ಇಂಜಿನಿಗೆ, ಈ ಸೈಜಿನ ಫೋರ್‌ಸ್ಟ್ರೋಕಿಗೆ ಸುಮಾರು 600 ಎಂಎಲ್ ಹಿಡಿತದೆ, ಆದ್ರೂ ನಿಮ್ಮ ಪುಸ್ತಕದ ಅಳತೆಯನ್ನೇ ನಂಬಿ, ಮೆಷಿನ್ ಸಮ ನೆಲದಲ್ಲಿ ಇಟ್ಟೇ ಕಡ್ಡಿ ಅದ್ದಿ ನೋಡಿ. ಎರಡನೇದು ಗೇರ್‌ಬಾಕ್ಸ್, ಅದರ ಎಣ್ಣೆಯೇ ಬೇರೆ, ದಪ್ಪದ್ದು. ಮೂರನೇದು ತುಂಬಾ ಜನ ಮರೆಯುದು, ಏರ್ ಫಿಲ್ಟರ್. ಕೆಳಗೆ ಬಟ್ಟಲಿನ ಹಾಗೆ ಇದ್ರೆ ಅದಕ್ಕೂ ಗೆರೆ ತನಕ ಎಣ್ಣೆ ಹಾಕ್ಲಿಕ್ಕುಂಟು. ಗೆರೆ ದಾಟಿದ್ರೆ ಬಿಳಿ ಹೊಗೆ.

ಮತ್ತೊಂದು, ನಮ್ಮಲ್ಲಿ ಮನೆ ಮನೆಯಲ್ಲಿ ಹುಲ್ಲು ಕಟರ್ ಉಂಟು, ಟೂಸ್ಟ್ರೋಕಿನದ್ದು, ಅದಕ್ಕೆ ಪೆಟ್ರೋಲಿಗೆ ಎಣ್ಣೆ ಬೆರ್ಸಿ ಹಾಕಿ ಕೈ ಅಭ್ಯಾಸ ಆಗಿರ್ತದೆ. ಅದೇ ಕ್ಯಾನಿನದ್ದು ಇದಕ್ಕೆ ಹಾಕ್ಬೇಡಿ, ಇದಕ್ಕೆ ಬರೀ ಪೆಟ್ರೋಲ್. ಕಟರಿಗೆ ಇದರದ್ದು ಹಾಕಿದ್ರೆ ಇನ್ನೂ ಕಷ್ಟ, ಕಟರ್ ಸತ್ತೇ ಹೋಗ್ತದೆ. ಕ್ಯಾನ್ ಎರಡು ಬೇರೆ ಬಣ್ಣದ್ದು ಇಡಿ.

ಒಂದು ಗಂಟೆ ಹೊಡೆದ ಮೇಲೆ ಎಲ್ಲಾ ನಟ್ಟಿಗೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ, ಅದುರಿ ಅದುರಿ ಸಡಿಲ ಆಗಿರ್ತದೆ. ಮೊದಲ ಇಂಜಿನ್ ಆಯಿಲನ್ನು 20 ಗಂಟೆ ಆಗುವಾಗ ಬದಲ್ಸಿ. ತೆಗೆದ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿದ್ರೆ ಬೆಳ್ಳಿ ಪುಡಿ ಹಾಗೆ ಮಿಂಚ್ತದೆ, ಹೊಸ ಇಂಜಿನ್ ಸವೆದ ಲೋಹ ಅದು, ಹೆದರ್ಬೇಡಿ.

ಪ್ರಶ್ನೆ: ಟಿಲ್ಲರ್ ಹೊಡಿಯುವಾಗ ಎಂತ ಜಾಗ್ರತೆ ಬೇಕು? ಮಗನಿಗೆ ಬೈಕ್ ಚೆನ್ನಾಗಿ ಗೊತ್ತುಂಟು, ಅವನೇ ಹೊಡಿತೇನೆ ಅಂತ ಹಠ ಹಿಡಿದಿದ್ದಾನೆ. (ಹಿರಿಯಡ್ಕದ ಓದುಗರು)

ಉತ್ತರ: ಬೈಕ್ ಗೊತ್ತಿದ್ದವರದ್ದೇ ನನಗೆ ಹೆದ್ರಿಕೆ. ಬೈಕಿನಲ್ಲಿ ಗಾಬರಿ ಆದ್ರೆ ಕ್ಲಚ್ ಒತ್ತಿ ಹಿಡಿತೇವೆ, ಬಂಡಿ ಬಲ ಕಳ್ಕೊಳ್ತದೆ. ಟಿಲ್ಲರಿನಲ್ಲಿ ತುಂಬಾ ಮಾಡೆಲ್‌ಗಳಲ್ಲಿ ಇದು ಉಲ್ಟಾ, ಲಿವರ್ ಒತ್ತಿ ಹಿಡಿದಷ್ಟು ಹೊತ್ತು ಬ್ಲೇಡ್ ತಿರುಗ್ತದೆ, ಬಿಟ್ಟರೆ ನಿಲ್ತದೆ. ಗಾಬರಿಯಲ್ಲಿ ಮನುಷ್ಯ ಎಂತ ಮಾಡ್ತಾನೆ, ಗಟ್ಟಿ ಹಿಡಿತಾನೆ. ಅಲ್ಲಿಗೆ ಕಥೆ ಮುಗೀತು.

ನನ್ನದೇ ಹೇಳ್ತೇನೆ. ಮೊದಲ ವರ್ಷ, ಮನೆ ಹಿಂದಿನ ಬಸಳೆ ಚಪ್ಪರದ ಹತ್ರ ತಿರುಗಿಸ್ಲಿಕ್ಕೆ ಜಾಗ ಸಾಕಾಗ್ಲಿಲ್ಲ, ರಿವರ್ಸ್ ಹಾಕಿದೆ, ಎಕ್ಸಿಲೇಟರ್ ಕಮ್ಮಿ ಮಾಡ್ಲಿಕ್ಕೆ ಮರ್ತೆ. ಮೆಷಿನ್ ಸೀದಾ ನನ್ನ ಮೇಲೆಯೇ ಬಂತು. ಹಿಂದೆ ಕೆಂಪುಕಲ್ಲಿನ ಕಂಪೌಂಡ್, ಬೆನ್ನು ಕಲ್ಲಿಗೆ ತಾಗಿತು, ಹ್ಯಾಂಡಲ್ ಹೊಟ್ಟೆಗೆ ಬಂತು, ನಾನು ಬೊಬ್ಬೆ ಹಾಕ್ತಾ ಲಿವರನ್ನು ಇನ್ನೂ ಗಟ್ಟಿ ಹಿಡ್ಕೊಂಡಿದ್ದೇನೆ! ಹೆಂಡತಿ ಅಡಿಗೆಮನೆ ಕಿಟಕಿಯಿಂದ ‘ಕೈ ಬಿಡಿ, ಕೈ ಬಿಡಿ’ ಅಂತ ಕೂಗಿದ್ದು ಕೇಳಿ ಬಿಟ್ಟೆ. ಗಂಬೂಟಿನ ಮೂತಿ ಬ್ಲೇಡಿಗೆ ಸಿಕ್ಕಿ ಎರಡು ಇಂಚು ಸೀಳಿತ್ತು, ಒಳಗೆ ಬೆರಳು ಹೇಗೆ ಉಳಿಯಿತು ಅಂತ ಇವತ್ತಿಗೂ ಅರ್ಥ ಆಗ್ಲಿಲ್ಲ. ಆ ಬೂಟ್ ಕೊಟ್ಟಿಗೆಯಲ್ಲಿ ಮೊಳೆಗೆ ನೇತು ಹಾಕಿದ್ದೇನೆ.

ಹಾಗಾಗಿ ಮಗನಿಗೆ ಮೊದಲ ದಿನ ಮಣ್ಣು ಹೊಡಿಲಿಕ್ಕೆ ಕೊಡ್ಬೇಡಿ. ಬಯಲು ಜಾಗದಲ್ಲಿ, ಇಂಜಿನ್ ಮೆಲ್ಲ ಇಟ್ಟು, ನೀವು ಬದಿಯಲ್ಲಿ ನಿಂತು ‘ಬಿಡು’ ಅಂದ ಕೂಡಲೇ ಲಿವರ್ ಬಿಡುದನ್ನು ಇಪ್ಪತ್ತು ಮೂವತ್ತು ಸಲ ಮಾಡ್ಸಿ. ಕೈ ನೋವು ಅಂತ ಲಿವರಿಗೆ ಹಗ್ಗ ಕಟ್ಟಿ ಓಡಿಸುವವರನ್ನೂ ನೋಡಿದ್ದೇನೆ, ಅವರಿಗೆ ಎಂತ ಹೇಳುದು. ರಿವರ್ಸ್ ಹಾಕುವ ಮೊದಲು ಹಿಂದೆ ಕುತ್ತಿಗೆ ತಿರುಗಿಸಿ ನೋಡ್ಲಿಕ್ಕೇಬೇಕು, ಗೋಡೆ, ತೆಂಗಿನ ಮರ, ಬಾವಿಕಟ್ಟೆ ಇದ್ರೆ ರಿವರ್ಸೇ ಬೇಡ, ಇಂಜಿನ್ ಬಂದ್ ಮಾಡಿ ಕೈಯಲ್ಲಿ ಎಳೆದು ತಿರುಗ್ಸಿ.

ಬಟ್ಟೆ ವಿಷಯ. ಲುಂಗಿ, ಹೆಗಲಲ್ಲಿ ಬೈರಾಸು, ಕಾಲಿಗೆ ಹವಾಯಿ ಚಪ್ಪಲ್, ನಮ್ಮೂರ ಯೂನಿಫಾರ್ಮ್ ಅದು, ಬೇರೆ ಎಲ್ಲಾ ಕೆಲಸಕ್ಕೂ ಆಗ್ತದೆ, ಇದಕ್ಕೆ ಆಗುದಿಲ್ಲ. ಲುಂಗಿಯ ತುದಿ ಬ್ಲೇಡಿಗೆ ಸಿಕ್ಕಿದ್ರೆ ಬಟ್ಟೆಯೊಟ್ಟಿಗೆ ಕಾಲನ್ನೂ ಎಳ್ಕೊಂಡು ಹೋಗ್ತದೆ. ಪ್ಯಾಂಟ್, ಗಟ್ಟಿ ಬೂಟ್, ಕಿವಿಗೆ ಹತ್ತಿಯಾದ್ರೂ ಇರ್ಲಿ. ಮಣ್ಣು ಮಗುಚಿದ ಕೂಡಲೇ ಹುಳ ಹೆಕ್ಲಿಕ್ಕೆ ಬೆಳ್ಳಕ್ಕಿಗಳು ಹಿಂದೆಯೇ ಬರ್ತವೆ, ಅದನ್ನು ನೋಡ್ಲಿಕ್ಕೆ ಮಕ್ಕಳೂ ಬರ್ತಾರೆ. ಹಕ್ಕಿಗೆ ಹಾರ್ಲಿಕ್ಕೆ ಗೊತ್ತುಂಟು, ಮಕ್ಕಳನ್ನು ಜಗಲಿ ಹತ್ತಿಸಿ.

ಬ್ಲೇಡಿಗೆ ತೆಂಗಿನ ನಾರು, ಬೇಲಿಗೆ ಕಟ್ಟಿದ ಹಳೇ ಸೀರೆ, ಡ್ರಿಪ್ ಪೈಪ್ ಸುತ್ತಿಕೊಳ್ಳುದು ಮಾಮೂಲು. ಕತ್ತಿ ಹಿಡ್ಕೊಂಡು ಬಗ್ಗುವ ಮೊದಲು ಇಂಜಿನ್ ಬಂದ್ ಮಾಡಿ ಪ್ಲಗ್ಗಿನ ಕ್ಯಾಪ್ ಎಳೆದು ಬದಿಗೆ ಇಡಿ. ಗೇರಲ್ಲಿ ಇರುವ ಮೆಷಿನಿನ ಬ್ಲೇಡನ್ನು ಕೈಯಲ್ಲಿ ತಿರುಗಿಸುವಾಗ ಇಂಜಿನೂ ತಿರುಗಿ ಹೊತ್ತಿಕೊಳ್ಳುವ ಚಾನ್ಸ್ ಉಂಟು. ಬಿಸಿ ಇಂಜಿನಿಗೆ ಪೆಟ್ರೋಲ್ ಹಾಕುದು, ಶೆಡ್ಡಿನ ಒಳಗೆ ಬಾಗಿಲು ಹಾಕಿ ಸ್ಟಾರ್ಟ್ ಮಾಡಿ ನೋಡುದು, ಎರಡೂ ಬೇಡ. ಆ ಹೊಗೆಗೆ ವಾಸನೆ ಗೊತ್ತಾಗುವ ಮೊದಲೇ ತಲೆ ತಿರುಗಿ ಬೀಳ್ತಾರೆ. ಗದ್ದೆ ಹುಣಿಯಿಂದ (ಬದುವಿನಿಂದ) ಮೂರು ನಾಲ್ಕು ಅಡಿ ಬಿಟ್ಟೇ ಹೊಡಿರಿ, ಕೆಳಗಿನ ಗದ್ದೆಗೆ ಮೆಷಿನ್ ಮಗುಚಿದ್ರೆ ಹಿಡಿಲಿಕ್ಕೆ ಹೋಗ್ಬೇಡಿ, ಬಿದ್ದು ಹೋಗ್ಲಿ.

ಪ್ರಶ್ನೆ: ನಮ್ಮ ಟಿಲ್ಲರ್ ಮಣ್ಣಿಗೆ ಇಳಿಯುದೇ ಇಲ್ಲ, ಕುಪ್ಪಳಿಸಿ ಕುಪ್ಪಳಿಸಿ ಓಡ್ತದೆ. ಮೆಷಿನ್ ಡಿಫೆಕ್ಟಾ? (ಮೂಡುಬಿದಿರೆಯ ಓದುಗರು)

ಉತ್ತರ: ಮೊದಲು ಮೇಲೆ ಹೇಳಿದ ಹಾಗೆ ಬ್ಲೇಡ್ ಎಡ ಬಲ ಸರಿ ಉಂಟಾ ನೋಡಿ. ಸರಿ ಇದ್ರೆ ಹಿಂದೆ ನೇತಾಡುವ ಕಬ್ಬಿಣದ ಸರಳು ನೋಡಿ, ಆಳದ ಸರಳು ಅದು. ತುಂಬಾ ಜನ ಅದು ಸ್ಟ್ಯಾಂಡ್ ಅಂತ ತಿಳ್ಕೊಂಡು ಮೇಲೆ ಕಟ್ಟಿಡ್ತಾರೆ. ಅದೇ ಬ್ರೇಕ್. ಹ್ಯಾಂಡಲ್ ಸ್ವಲ್ಪ ಕೆಳಗೆ ಒತ್ತಿದ್ರೆ ಸರಳು ನೆಲಕ್ಕೆ ಕಚ್ಚಿ ಮೆಷಿನನ್ನು ತಡಿತದೆ, ಮುಂದೆ ಹೋಗ್ಲಿಕ್ಕೆ ಆಗದ ಬ್ಲೇಡ್ ಅಲ್ಲೇ ಮಣ್ಣು ಅಗಿತದೆ. ಒತ್ತು ಸಡಿಲಿಸಿದ್ರೆ ಒಂದು ಹೆಜ್ಜೆ ಮುಂದೆ. ಒತ್ತುದು, ಬಿಡುದು, ಒತ್ತುದು, ಬಿಡುದು, ಅರ್ಧ ಗಂಟೆಯಲ್ಲಿ ಕೈಗೆ ಹತ್ತಿಬಿಡ್ತದೆ. ಮುಂದೆ ದೂಡ್ಲಿಕ್ಕೆ ಹೋದ್ರೆ ಓಡಿಯೇ ಓಡ್ತದೆ.

ನಿಮ್ಮ ಕಡೆ ಮೇಲೆ ನಾಲ್ಕು ಇಂಚು ಮಣ್ಣು, ಕೆಳಗೆ ಮುರಕಲ್ಲು (ಕೆಂಪುಕಲ್ಲು) ಆಗಿರ್ಲಿಕ್ಕೂ ಸಾಕು. ಪಿಕ್ಕಾಸಿನಲ್ಲಿ ನಾಲ್ಕು ಕಡೆ ಕುಟ್ಟಿ ನೋಡಿ, ಠಣ್ ಅಂದ್ರೆ ಅಲ್ಲಿ ಟಿಲ್ಲರಿಗೆ ಕೆಲಸ ಇಲ್ಲ, ಮಣ್ಣು ತಂದು ಸಾಲು ಏರಿಸುದೇ ದಾರಿ. ಮಣ್ಣು ಇದ್ರೂ ಒಂದೇ ಸಲ ಆಳಕ್ಕೆ ಹೋಗ್ಬೇಡಿ, ಮೊದಲ ಸಲ ಎರಡು ಇಂಚು, ಎರಡನೇ ಸಲ ಅಡ್ಡಕ್ಕೆ ಹೊಡೆದು ನಾಲ್ಕೈದು ಇಂಚು. ಹದ ನೋಡ್ಲಿಕ್ಕೆ ಒಂದು ಮುಷ್ಟಿ ಮಣ್ಣು ಹಿಂಡಿ ಸೊಂಟದ ಎತ್ತರದಿಂದ ಬಿಡಿ. ಉಂಡೆ ಒಡೆದು ಪುಡಿ ಆದ್ರೆ ಹೊಡಿರಿ, ಉಂಡೆ ಹಾಗೇ ಉಳಿದ್ರೆ ಇನ್ನೂ ಎರಡು ದಿನ ಬಿಸಿಲು ಬೇಕು. ಹಸಿಯಲ್ಲಿ ಹೊಡೆದ ಹೆಂಟೆ ಆಮೇಲೆ ಇಟ್ಟಿಗೆ ಆಗ್ತದೆ.

ಪ್ರಶ್ನೆ: ಅಡಿಕೆ ತೋಟದ ಹುಲ್ಲಿಗೆ ಟಿಲ್ಲರ್ ಹೊಡಿಬಹುದಾ? (ಕಿನ್ನಿಗೋಳಿಯ ಓದುಗರು)

ಉತ್ತರ: ಬೇಡ. ಅಡಿಕೆಗೆ ತಾಯಿಬೇರು ಇಲ್ಲ, ಊಟ ಮಾಡುವ ಬೇರೆಲ್ಲ ಬುಡದ ಸುತ್ತ ಮೇಲ್ಮಣ್ಣಿನಲ್ಲೇ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟಿದ್ರೆ ಎರಡೂ ಬದಿ ಮೂರು ಮೂರು ಅಡಿ ಬಿಟ್ಟು ಮಧ್ಯೆ ಉಳಿಯುದು ಮೂರೇ ಅಡಿ, ಮೆಷಿನಿನ ಅಗಲವೇ ಹೆಚ್ಚುಕಮ್ಮಿ ಅಷ್ಟುಂಟು. ಕಟರಿನಲ್ಲಿ ಹುಲ್ಲು ಸವರಿ ಬುಡಕ್ಕೆ ಹಾಕಿ, ಸೋಗೆಯೂ ಅಲ್ಲೇ ಬೀಳ್ಲಿ. ಶಂಕರಪುರದಿಂದ ಮಲ್ಲಿಗೆ ಸಾಲಿನ ಮಧ್ಯೆ ಹೊಡಿಬಹುದಾ ಅಂತ ಕೇಳಿದವರಿಗೂ ಇದೇ ಉತ್ತರ.

ಪ್ರಶ್ನೆ: ಗಂಡ ಗಲ್ಫಿನಲ್ಲಿ, ಮನೆಯಲ್ಲಿ ನಾನು ಮತ್ತು ಅತ್ತೆ. ಹತ್ತು ಸೆಂಟ್ಸ್ ತರಕಾರಿ ಜಾಗಕ್ಕೆ ಟಿಲ್ಲರ್ ತಕೊಳ್ಳುವ ಅಂತ ಉಂಟು, ಹೆಂಗಸರಿಗೆ ಆಗ್ತದಾ? (ಬ್ರಹ್ಮಾವರದ ಓದುಗರು)

ಉತ್ತರ: ಆಗ್ತದೆ ಅಕ್ಕ, ಆದ್ರೆ ಹತ್ತು ಸೆಂಟ್ಸಿಗೆ ವರ್ಷಕ್ಕೆ ಎರಡು ದಿನದ ಕೆಲಸ, ಅಷ್ಟಕ್ಕೆ ಸ್ವಂತದ್ದು ಯಾಕೆ, ಬಾಡಿಗೆಗೆ ತನ್ನಿ. ತಕೊಳ್ಳುದೇ ಅಂತಾದ್ರೆ 7 ಹೆಚ್‌ಪಿ ಬೇಡ, ಚಿಕ್ಕದು ಸಾಕು. ಅಂಗಡಿಯಲ್ಲೇ ಹಗ್ಗ ಎಳೆದು ನೋಡಿ, ಕಷ್ಟ ಇರುದು ಅಲ್ಲಿಯೇ. ಮೊದಲು ಮೆಲ್ಲ ಎಳಿರಿ, ಬಿಗಿ ಸಿಗುವಲ್ಲಿ ನಿಲ್ಲಿಸಿ, ಅಲ್ಲಿಂದ ಜಗ್ಗಿ ಎಳಿರಿ, ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಬೇಡಿ. ಸಬ್ಸಿಡಿ ಬೇಕಾದ್ರೆ ಕೊಳ್ಳುವ ಮೊದಲೇ ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅರ್ಜಿ ಕೊಡಿ, ತಕೊಂಡ ಮೇಲೆ ಬಿಲ್ ಹಿಡ್ಕೊಂಡು ಹೋದ್ರೆ ಉಪಯೋಗ ಇಲ್ಲ. ಮೆಷಿನ್ ಬಗ್ಗೆ ಸಲಹೆ ಕೇಳ್ಲಿಕ್ಕೆ ನಿಮ್ಮ ಊರಲ್ಲೇ ಕೃಷಿ ವಿಜ್ಞಾನ ಕೇಂದ್ರ ಉಂಟಲ್ಲ.

ಪ್ರಶ್ನೆ: ಮೇ ತಿಂಗಳಲ್ಲಿ ಸರಿ ಇದ್ದ ಟಿಲ್ಲರ್ ಮಳೆ ಮುಗಿದ ಮೇಲೆ ಸ್ಟಾರ್ಟೇ ಆಗುದಿಲ್ಲ. (ಸುರತ್ಕಲ್ಲಿನ ಓದುಗರು)

ಉತ್ತರ: ಟ್ಯಾಂಕಿನಲ್ಲಿ ಮೇ ತಿಂಗಳ ಪೆಟ್ರೋಲೇ ಇರ್ಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಉಂಟು, ಅದು ಗಾಳಿಯ ನೀರಿನ ಪಸೆಯನ್ನು ಎಳ್ಕೊಳ್ತದೆ, ನಮ್ಮ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುವಾಗ ಪೆಟ್ರೋಲ್ ಬಿಡ್ತದಾ? ಹಳೇದು ಪೂರ್ತಿ ಇಳಿಸಿ, ಕಾರ್ಬೊರೇಟರಿನ ಕೆಳಗಿನ ಬಟ್ಟಲು ಬಿಚ್ಚಿ ಒರೆಸಿ, ಜೆಟ್ಟಿನ ತೂತಿಗೆ ಗಾಳಿ ಊದಿ, ಹೊಸ ಪೆಟ್ರೋಲ್ ಹಾಕಿ. ಆದ್ರೂ ಆಗದಿದ್ರೆ ಪ್ಲಗ್ ಬದಲ್ಸಿ ನೋಡಿ. ಬರುವ ವರ್ಷ ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಪೆಟ್ರೋಲ್ ಕಾಕ್ ಬಂದ್ ಮಾಡಿ ಇಂಜಿನ್ ತಾನಾಗಿ ನಿಲ್ಲುವ ತನಕ ಓಡ್ಸಿ, ಬ್ಲೇಡಿಗೆ ಹಳೇ ಎಣ್ಣೆ ಸವರಿ ಹಲಗೆ ಮೇಲೆ ಇಡಿ. ಪ್ಲಾಸ್ಟಿಕ್ ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ಇಡ್ಬೇಡಿ, ಒಳಗೆ ಬೆವರಿ ತುಕ್ಕು ಹಿಡಿತದೆ, ಹಳೇ ಬೆಡ್‌ಶೀಟ್ ಸಾಕು.