ಸಂಘದ ಕೆಲಸಕ್ಕೆ ವಾಟ್ಸ್‌ಆ್ಯಪ್ ಸಾಕೇ?

ಪ್ರಶ್ನೆ: ನಮ್ಮ ಕಾಫಿ ಬೆಳೆಗಾರರ ಸಂಘದ ವ್ಯವಹಾರವೆಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲೇ ನಡೆಯುತ್ತಿದೆ. ಆದರೂ ತೋಟದ ಕೆಲಸಗಾರರ ಹಂಚಿಕೆಯಲ್ಲಿ ಗೊಂದಲ ತಪ್ಪಿಲ್ಲ. ಏಕೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಗುಂಪು ಸುದ್ದಿಯನ್ನು ಕ್ಷಣದಲ್ಲಿ ಮುಟ್ಟಿಸುತ್ತದೆ, ಆದರೆ ಯಾವ ತೋಟಕ್ಕೆ ಯಾವ ದಿನ ಎಷ್ಟು ಮಂದಿ ಎಂಬ ತೀರ್ಮಾನವು ಶುಭಾಶಯಗಳ ನಡುವೆ ಮರೆಯಾಗುತ್ತದೆ. ಅಂಥ ಲೆಕ್ಕವನ್ನು, 2006ರಿಂದ ಬಳಕೆಯಲ್ಲಿರುವ ಗೂಗಲ್ ಶೀಟ್ಸ್‌ನಂತಹ ಕೋಷ್ಟಕದಲ್ಲಿಟ್ಟರೆ ಹಲವರು ಒಂದೇ ಪ್ರತಿಯನ್ನು ತಿದ್ದಬಹುದು. ಯಾರು ಏನನ್ನು ಬದಲಿಸಿದರೆಂಬುದನ್ನೂ ಹಿಂದಿರುಗಿ ನೋಡಬಹುದು. ಮುಂಗಾರಿನಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಕೈಕೊಡುವ ಕೊಡಗಿನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಕೊಳ್ಳಬೇಕು. ಆಗಲೂ ಸಂಪರ್ಕ ಮರಳಿದ ಮೇಲಷ್ಟೇ ನಿಮ್ಮ ತಿದ್ದುಪಡಿ ಇತರರಿಗೆ ಕಾಣುವುದರಿಂದ, ತುರ್ತಿದ್ದರೆ ಜನ ಕಳುಹಿಸಿ ತಿಳಿಸುವುದೇ ಸರಿ. ಕೂಲಿಯ ದರದಂತಹ ಭಿನ್ನಾಭಿಪ್ರಾಯಗಳನ್ನು ಮಾತ್ರ ದಯವಿಟ್ಟು ಮೊಬೈಲಿನಲ್ಲಿ ಇತ್ಯರ್ಥಪಡಿಸಬೇಡಿ. ಎದುರುಬದುರು ಕುಳಿತು ಮಾತನಾಡಿ.